ವಾಸನೆ ಬಾರದವಳು ಮಾಡಿದ ಸುಗಂಧ

ನಮ್ಮ ಮನೆಗೆ ಬಂದವರಿಗೆ ನಾನು ಕುಡಿಯಲು ನೀರು ಕೊಡುವುದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಎಂತ ವಾಸನೆ ಬರ್ತದೆ, ಹೇಳಿ ನೋಡುವ. ಹೊಸಬರು ಹೌಹಾರುತ್ತಾರೆ. ಗ್ಯಾಸ್ ಸೋರುತ್ತಿದೆಯೋ, ತಮ್ಮ ಚಪ್ಪಲಿಗೆ ಏನಾದರೂ ಮೆತ್ತಿಕೊಂಡಿದೆಯೋ ಎಂದು ಕಾಲೆತ್ತಿ ನೋಡಿಕೊಳ್ಳುತ್ತಾರೆ. ಹಳಬರಿಗೆ ಅಭ್ಯಾಸವಾಗಿದೆ. ಹೊಸ್ತಿಲಲ್ಲೇ ನಿಂತು, ಮೂಗು ಮೇಲೆತ್ತಿ ಒಮ್ಮೆ ಎಳೆದು, ನಿಂಬೆ ಜೋರಾಗಿದೆ, ಹಿಂದಿನಿಂದ ಲವಂಗ ಬಂದ ಹಾಗಿದೆ ಎಂದು ವರದಿ ಒಪ್ಪಿಸಿ ಒಳಗೆ ಬರುತ್ತಾರೆ. ನಾನು ಎಲ್ಲ ತಿಳಿದವಳ ಹಾಗೆ ತಲೆಯಾಡಿಸುತ್ತೇನೆ. ಆ ನಿಂಬೆಯನ್ನೂ ಲವಂಗವನ್ನೂ ಬಾಟಲಿಗೆ ಹಾಕಿ, ಕುಲುಕಿ, ಗಾಳಿಗೆ ಹಾರಿಸಿದವಳು ನಾನೇ. ಆದರೆ ಅದು ಗಾಳಿಯಲ್ಲಿ ಇದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಬಂದವರೇ ಬೇಕು. ನನಗೆ ವಾಸನೆ ಬರುವುದಿಲ್ಲ.

ಕುರುಡರು ಚಿತ್ರ ಬರೆದರೆ ಪೇಪರಿನಲ್ಲಿ ಹಾಕುತ್ತಾರೆ. ಮೂಗಿಲ್ಲದವಳು ಸುಗಂಧ ಮಾಡಿದರೆ ಅಕ್ಕಪಕ್ಕದವರು ಕಿಟಕಿ ಹಾಕಿಕೊಳ್ಳುತ್ತಾರೆ, ಅಷ್ಟೆ. ಆದರೂ ನಾನು ಬಿಟ್ಟಿಲ್ಲ. ಮುಂಬಯಿಯ ದಹಿಸರಿನ ನಮ್ಮ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಹೊಲಿಗೆ ಯಂತ್ರದ ಪಕ್ಕದ ಕಟ್ಟೆಯ ಮೇಲೆ ಈಗ ಕಂದು ಬಣ್ಣದ ಪುಟ್ಟ ಪುಟ್ಟ ಸೀಸೆಗಳ ಸಾಲೇ ಇದೆ. ನನ್ನ ಕೆಲಸ ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು. ಸೀರೆ ತರುವ ಹೆಂಗಸರು ನಾನು ಯಾವುದೋ ವೈದ್ಯ ಶುರು ಮಾಡಿದ್ದೇನೆಂದು ತಿಳಿದು ಮಂಡಿನೋವಿಗೆ ಏನಾದರೂ ಇದೆಯೇ ಎಂದು ಕೇಳುತ್ತಾರೆ.

ಇದೆಲ್ಲ ಒಂದು ಅಂಗಿಗಾಗಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಕಪಾಟಿನಲ್ಲಿ, ಅಕ್ಕಿ ತುಂಬುವ ಸ್ಟೀಲ್ ಡಬ್ಬಿಯೊಂದರೊಳಗೆ, ಎರಡೆರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಕಟ್ಟಿದ ಒಂದು ಒಗೆಯದ ಅಂಗಿ ಇತ್ತು. ನಮ್ಮವರದ್ದು. ಅವರು ಈಗಿಲ್ಲ. ಆ ಅಂಗಿಯ ವಾಸನೆ ಹಾರಿಹೋಗುವ ಮೊದಲು ನನ್ನ ಮೂಗು ತಿರುಗಿ ಬರಬೇಕು ಎಂಬುದು ನನ್ನ ಹಟ. ವಾಸನೆ ಒಂದು ಕಡೆಯಿಂದ ಕರಗುತ್ತಿದೆ, ಮೂಗು ಇನ್ನೊಂದು ಕಡೆಯಿಂದ ಬರಬೇಕಾಗಿದೆ, ಯಾವುದು ಮೊದಲು ಎಂಬ ಚಿಂತೆಯಲ್ಲಿಯೇ ನಾನು ಇಷ್ಟು ಸೀರೆಗಳಿಗೆ ಫಾಲ್ ಹಚ್ಚಿದೆ.

ಹುಟ್ಟಿನಿಂದ ನಾನು ಹೀಗಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಇದೇ ಮುಂಬಯಿಯ ಆಂಟಾಪ್ ಹಿಲ್ಲಿನಲ್ಲಿ. ಅಪ್ಪ ಒಂದು ಕ್ಯಾಂಟೀನಿನಲ್ಲಿದ್ದರು. ಮನೆಯಲ್ಲಿ ತುಳು, ಹೊರಗೆ ಮರಾಠಿ, ಮುನ್ಸಿಪಾಲಿಟಿ ಶಾಲೆಯಲ್ಲಿ ಏಳನೆಯವರೆಗೆ ಕನ್ನಡ. ಆ ಕನ್ನಡವೇ ಈಗ ಇಲ್ಲಿ ಬರೆಯಲು ಒದಗಿದೆ. ಓದಿನಲ್ಲಿ ನಾನು ಮುಂದಿರಲಿಲ್ಲ, ಆಟದಲ್ಲೂ ಇಲ್ಲ. ಆದರೆ ನಮ್ಮ ಮನೆಗಳ ಸಾಲಿನಲ್ಲಿ ನನಗೆ ಒಂದು ಸ್ಥಾನ ಇತ್ತು. ನನ್ನ ಮೂಗು. ಹಾಲು ಒಡೆಯುವ ಮೊದಲೇ ಅದು ಒಡೆಯಲಿದೆ ಎಂದು ನಾನು ಹೇಳುತ್ತಿದ್ದೆ. ಯಾರದೋ ಮನೆಯ ಟ್ರಂಕಿನ ಹಿಂದೆ ಇಲಿ ಸತ್ತಿದ್ದರೆ ಅವರು ನನ್ನನ್ನು ಕರೆದೊಯ್ಯುತ್ತಿದ್ದರು. ನಾನು ಕೋಣೆಯ ನಡುವೆ ನಿಂತು ಒಂದು ಸುತ್ತು ತಿರುಗಿ ಬೆರಳು ತೋರಿಸಿದರೆ ಇಲಿ ಅಲ್ಲೇ ಇರುತ್ತಿತ್ತು. ಬಹುಮಾನವಾಗಿ ಒಂದು ತುಂಡು ಚಿಕ್ಕಿ ಸಿಗುತ್ತಿತ್ತು. ಸತ್ತ ಇಲಿ ಹುಡುಕಿಕೊಟ್ಟ ಕೈಯಲ್ಲೇ ಅದನ್ನು ತಿನ್ನುತ್ತಿದ್ದೆ.

ಮೀನು ಮಾರುವ ಕೋಲಿ ಜಾತಿಯ ಹೆಂಗಸು ಬುಟ್ಟಿ ಇಳಿಸಿದರೆ ಸಾಲಿನ ಹೆಂಗಸರು ಮೊದಲು ನನ್ನನ್ನು ಕೂಗುತ್ತಿದ್ದರು. ಅಮ್ಮ ನನ್ನ ತಲೆ ಹಿಡಿದು ಬುಟ್ಟಿಯ ಮೇಲೆ ಬಗ್ಗಿಸುತ್ತಿದ್ದಳು. ಇದು ಇವತ್ತಿನದು, ಇದು ನಿನ್ನೆಯದು, ಇದು ಮಂಜುಗಡ್ಡೆಯಲ್ಲಿ ಮಲಗಿ ಎದ್ದದ್ದು ಎಂದು ನಾನು ಬೇರೆ ಬೇರೆ ಮಾಡುತ್ತಿದ್ದೆ. ಆ ಹೆಂಗಸಿಗೆ ನನ್ನನ್ನು ಕಂಡರೆ ಮೈ ಉರಿಯುತ್ತಿತ್ತು. ನಾನು ಬರುವುದು ಕಂಡ ಕೂಡಲೇ “ಆಲೀ ನಾಕವಾಲಿ” ಎಂದು ಬುಟ್ಟಿಗೆ ಒದ್ದೆ ಗೋಣಿ ಮುಚ್ಚುತ್ತಿದ್ದಳು. ಮೂಗಿನವಳು ಬಂದಳು ಅಂತ. ಈಗ ಆ ಹೆಸರಿಗೆ ನಾನು ಅರ್ಹಳಲ್ಲ.

ಲೋಕಲ್ ರೈಲಿನಲ್ಲಿ ಹೆಂಗಸರ ಡಬ್ಬಿಯಲ್ಲಿ ಕಣ್ಣು ಮುಚ್ಚಿ ಕೂತರೂ ಎಲ್ಲಿಗೆ ಬಂದೆವು ಎಂದು ನನಗೆ ಗೊತ್ತಾಗುತ್ತಿತ್ತು. ದಾದರಿನಲ್ಲಿ ಚೆಂಡುಹೂವಿನ ಮೂಟೆಗಳು ಹತ್ತುತ್ತಿದ್ದವು. ಮಾಹಿಮ್ ದಾಟುವಾಗ ಖಾಡಿಯ ಕೊಳೆತ ನೀರಿನ ನಾತಕ್ಕೆ ಇಡೀ ಡಬ್ಬಿ ಸೆರಗನ್ನು ಮೂಗಿಗೆ ತರುತ್ತಿತ್ತು. ಪಾರ್ಲಾದಲ್ಲಿ ಆ ಕಾಲಕ್ಕೆ ಬಿಸ್ಕತ್ತು ಬೇಯುವ ಪರಿಮಳ ಬಂದು, ಹಸಿದವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು. ಈಗ ಮಾಹಿಮ್ ಖಾಡಿ ಬಂದಾಗ ನಾನೊಬ್ಬಳೇ ಮುಖ ತೆರೆದು ಕೂತಿರುತ್ತೇನೆ. ನೋಡುವವರಿಗೆ ಮಹಾ ಯೋಗಿನಿಯ ಹಾಗೆ ಕಾಣಬಹುದು.

ಇಂಥ ಮೂಗಿನವಳನ್ನು ದೇವರು ಎಲ್ಲಿಗೆ ಕೊಟ್ಟ ನೋಡಿ. ನಮ್ಮವರು ಬೊರಿವಲಿಯ ಒಂದು ಉಡುಪಿ ಹೋಟೆಲಿನಲ್ಲಿ ದೋಸೆಯ ಕಲ್ಲಿನ ಮುಂದೆ ನಿಲ್ಲುವವರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾದ ಕಲ್ಲು, ಬೆಣ್ಣೆ, ಈರುಳ್ಳಿ, ಹುಳಿ ಹಿಟ್ಟು, ಪಕ್ಕದ ಒಲೆಯಿಂದ ಸಾಂಬಾರಿನ ಇಂಗು. ಅವರು ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗಲೇ ಮೂರನೆಯ ಮಾಳಿಗೆಯಲ್ಲಿದ್ದ ನನಗೆ ಗೊತ್ತಾಗುತ್ತಿತ್ತು. ಮದುವೆಯಾದ ಮೊದಲ ವಾರದಲ್ಲೇ ನಾನು ಬಾಗಿಲಲ್ಲಿ ಒಂದು ತಪಾಸಣೆಯ ನಾಕಾ ತೆರೆದೆ. ಒಳಗೆ ಕಾಲಿಡುವ ಮೊದಲು ಅಂಗಿ ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಹಾಕಬೇಕು, ನೇರ ಮೋರಿಗೆ, ಅಂದರೆ ನಮ್ಮ ಬಚ್ಚಲಿಗೆ, ಹೋಗಿ ಮೈಗೆ ನೀರು ಹಾಕಿಕೊಳ್ಳಬೇಕು, ಆಮೇಲೆ ಚಹಾ. ಮರುದಿನ ಬೆಳಿಗ್ಗೆ ಆ ಅಂಗಿಯನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಮುಳುಗಿಸುತ್ತಿದ್ದೆ. ಅವರು ಜಗಳವಾಡಿದವರಲ್ಲ. ಇಡೀ ಬೊರಿವಲಿ ದುಡ್ಡು ಕೊಟ್ಟು ತಿನ್ನುವ ವಾಸನೆ, ನಿನಗೆ ಪುಕ್ಕಟೆ ಬಂದರೆ ಬೇಡ ಅಂತೀಯಲ್ಲ ಎಂದು ನಗುತ್ತಾ ಮೋರಿಗೆ ಹೋಗುತ್ತಿದ್ದರು. ಮಲಗುವ ಮೊದಲು ಬಲ ಭುಜಕ್ಕೆ ನೋವಿನ ಮುಲಾಮು ತಿಕ್ಕಿಸಿಕೊಳ್ಳುತ್ತಿದ್ದರು. ಹಿಟ್ಟು ಎಳೆಯುವ ಭುಜ. ಸಂಸಾರ ಮಾಡಿದಷ್ಟೂ ಕಾಲ ನಾನು ಆ ಮನುಷ್ಯನ ವಾಸನೆಯನ್ನು ಮನೆಯಿಂದ ಹೊರಗೆ ಹಾಕುವ ಕೆಲಸವನ್ನು ಶ್ರದ್ಧೆಯಿಂದ ಮಾಡಿದೆ ಎಂದಾಯಿತು.

ಆಮೇಲೆ ಆ ಜ್ವರದ ವರ್ಷಗಳು ಬಂದವು. ಎರಡನೆಯ ಸಲ ಅಲೆ ಎದ್ದಾಗ ನಮ್ಮಿಬ್ಬರಿಗೂ ಜ್ವರ ಬಂತು. ನನ್ನ ಮೂಗು ಹೋಯಿತು, ಅವರ ಉಸಿರು ಸಾಲದಾಯಿತು. ಹೊರಡುವಾಗ ಒಗೆದ ಅಂಗಿ ಕೇಳಿ ಹಾಕಿಕೊಂಡರು. ಆಸ್ಪತ್ರೆಗೆ ಹೋಗುವುದಲ್ಲವೇ, ಚೆನ್ನಾಗಿ ಕಾಣಬೇಕು. ಜ್ವರ ಬರುವ ಮೊದಲು ಕೊನೆಯ ಸಲ ಕೆಲಸಕ್ಕೆ ಹಾಕಿಕೊಂಡು ಹೋಗಿದ್ದ ಅಂಗಿ ಒಗೆಯದೆ ಮೊಳೆಯಲ್ಲೇ ಇತ್ತು. ಅವರು ತಿರುಗಿ ಬರಲಿಲ್ಲ. ಮುಖ ನೋಡಲೂ ಆಗಲಿಲ್ಲ. ಅದರ ಬಗ್ಗೆ ನನಗೆ ಹೆಚ್ಚು ಬರೆಯಲು ಬರುವುದಿಲ್ಲ.

ತೀರಿಕೊಂಡವರ ಬಟ್ಟೆ ಮನೆಯಲ್ಲಿ ಇಡಬಾರದು ಎಂದು ಊರಿನಿಂದ ಫೋನು ಬಂತು. ಎಲ್ಲ ಕೊಟ್ಟೆ. ಮೊಳೆಯ ಅಂಗಿಯನ್ನು ಕೊಡುವ ಮೊದಲು ಮುಖಕ್ಕೆ ತಂದುಕೊಂಡೆ. ಏನೂ ಇಲ್ಲ. ಬಟ್ಟೆಯಂಗಡಿಯ ಹೊಸ ಅಂಗಿಗಾದರೂ ಗಂಜಿಯ ವಾಸನೆ ಇರುತ್ತದೆ, ಇದಕ್ಕೆ ಅದೂ ಇಲ್ಲ. ಅಂಗಿಯಲ್ಲಿ ಇಲ್ಲದ್ದಲ್ಲ, ನನ್ನಲ್ಲಿ ಇಲ್ಲದ್ದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಕೂಡಲೇ ಅದನ್ನು ಚೀಲದಲ್ಲಿ ಕಟ್ಟಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಮೂಗು ಬಂದ ಮೇಲೆ ತೆರೆಯುವುದು ಎಂದು ನಿಶ್ಚಯಿಸಿದೆ.

ಉಳಿದವರ ಮೂಗುಗಳು ವಾರದಲ್ಲಿ, ತಿಂಗಳಲ್ಲಿ ತಿರುಗಿ ಬಂದವು. ನನ್ನದು ಬರಲಿಲ್ಲ. ಕಾದು ಕಾದು ಕೊನೆಗೆ ಮಗಳು ಶ್ರುತಿ ಒಬ್ಬ ಮೂಗಿನ ಡಾಕ್ಟರಲ್ಲಿಗೆ ಕರೆದೊಯ್ದಳು. ಅವಳು ಅಂಧೇರಿಯ ಒಂದು ಆಫೀಸಿಗೆ ಹೋಗುವವಳು. ಮಾತಿನಲ್ಲಿ ಅರ್ಧ ಹಿಂದಿ, ಕಾಲು ಇಂಗ್ಲಿಷು, ಉಳಿದದ್ದರಲ್ಲಿ ತುಳುವೂ ಕನ್ನಡವೂ ಹಂಚಿಕೊಳ್ಳಬೇಕು. ಡಾಕ್ಟರು ಮಾತ್ರೆ ಬರೆಯಲಿಲ್ಲ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ಎಣ್ಣೆಗಳನ್ನು ಬೆಳಿಗ್ಗೆ ಸಂಜೆ ಮೂಸಿರಿ, ಮೂಸುವಾಗ ಅದರ ವಾಸನೆ ಹೇಗಿತ್ತೆಂದು ಮನಸ್ಸಿನಲ್ಲಿ ನೆನೆಯಿರಿ, ಮೂಗಿಗೆ ಪಾಠ ಹೇಳಬೇಕು, ಬರಬಹುದು, ಬಾರದೆಯೂ ಇರಬಹುದು ಎಂದರು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ಈ ಪ್ರಾಯದಲ್ಲಿ ಟೀಚರಾದೆ. ವಿದ್ಯಾರ್ಥಿ ಒಂದೇ. ಅದೂ ದಡ್ಡ.

ಸೀಸೆ ಮೂಸುವುದು ಬೇಸರದ ಕೆಲಸ. ಖಾಲಿ ಡಬ್ಬಿಯೊಳಗೆ ತಲೆ ಹಾಕಿದ ಹಾಗೆ. ಅದೇ ಹೊತ್ತಿಗೆ ಶ್ರುತಿಗೆ ಇನ್ನೊಂದು ತಕರಾರು ಇತ್ತು. ನನಗೆ ಗೊತ್ತಾಗದ ಕಾರಣ ಮನೆಯಲ್ಲಿ ಮೀನಿನ ಪಾತ್ರೆ, ಉಕ್ಕಿ ಕರಟಿದ ಹಾಲು, ಒಣಗದ ಒರೆಸುವ ಬಟ್ಟೆ, ಎಲ್ಲ ಸೇರಿ ಒಂದು ವಾಸನೆ ನೆಲೆಸಿದೆಯಂತೆ. ಅಂಗಡಿಯ ರೂಮ್ ಸ್ಪ್ರೇ ತಂದರೆ ಅವಳಿಗೇ ತಲೆನೋವು. ಒಂದು ಭಾನುವಾರ ಮೊಬೈಲು ತೋರಿಸಿ, ಈ ಎಣ್ಣೆಗಳಿಂದಲೇ ಮನೆಯಲ್ಲಿ ಸ್ಪ್ರೇ ಮಾಡಬಹುದು ಎಂದಳು. ನನಗೆ ಅದು ಹಿಡಿಸಿತು. ಸೀಸೆಯ ಬಾಯಿಯಿಂದ ಮೂಗಿಗೆ ಬಾರದ ವಾಸನೆಯನ್ನು ಇಡೀ ಕೋಣೆಗೆ ತುಂಬಿಸಿಬಿಟ್ಟರೆ, ನಾನು ಅದರೊಳಗೇ ಕೂತು ಫಾಲ್ ಹಚ್ಚುತ್ತಿದ್ದರೆ, ಎಷ್ಟು ದಿನ ಅಂತ ಮೂಗು ತಪ್ಪಿಸಿಕೊಂಡೀತು?

ಮೊದಲ ಸಲ ಇಸ್ತ್ರಿಗೆ ನೀರು ಚಿಮುಕಿಸುವ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಅದಕ್ಕೆ ಲವಂಗದ ಎಣ್ಣೆ ಸುರಿದೆ. ವಾಸನೆ ಬರುವವರು ಹನಿ ಲೆಕ್ಕದಲ್ಲಿ ಹಾಕುತ್ತಾರೆ. ನಾನು ಒಗ್ಗರಣೆಗೆ ಹಾಕುವ ಅಂದಾಜಿನಲ್ಲಿ ಹಾಕಿದೆ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ ಎಂಬುದು ದಿನವೂ ಪಾತ್ರೆ ತೊಳೆಯುವವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎಷ್ಟೋ ದಿನ ಬರೀ ನೀರು ಹಾರಿತು. ಬಾಟಲಿಯ ತಳಕ್ಕೆ ಬಂದಾಗ ಉಳಿದಿದ್ದ ಎಣ್ಣೆಯೆಲ್ಲ ಒಂದೇ ದಿನ ಹಾರಿತು. ಹಾಸಿಗೆಯ ಚಾದರದ ಮೇಲೆ ಹಳದಿ ಕಲೆ, ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯ ಮುಖದಲ್ಲಿ ಎಣ್ಣೆಯ ಬೆವರು. ನಾನು ನೆಮ್ಮದಿಯಾಗಿ ಪಿಕೋ ಮಾಡುತ್ತಿದ್ದೆ. ಹೊರಗೆ ಕೆಮ್ಮುವ ಸದ್ದು ಕೇಳಿತು. ಪಕ್ಕದ ಮನೆಯ ಮರಾಠಿ ಹೆಂಗಸು ಸಾವಂತ ವಹಿನಿ ಸೆರಗಿನಿಂದ ಕಣ್ಣೊರೆಸುತ್ತ ಬಾಗಿಲಿಗೆ ಬಂದರು.

“ಕಾಯ್ ಝಾಲಂ ಸುಶೀಲಾ, ದಾತ ದುಖತೋಯ್ ಕಾ?”

ಹಲ್ಲುನೋವಾ ಎಂದು. ಅಲ್ಲ ವಹಿನಿ, ರೂಮ್ ಸ್ಪ್ರೇ ಎಂದೆ. ಅವರು ಅದನ್ನು ನಂಬದೆ, ಹಲ್ಲಿನ ಒಬ್ಬ ಒಳ್ಳೆಯ ಡಾಕ್ಟರು ಸ್ಟೇಷನ್ ಹತ್ತಿರ ಇದ್ದಾರೆ ಎಂದು ಹೇಳಿ ಹೋದರು.

ಎಣ್ಣೆ ನೀರು ಬೆರೆಯಬೇಕಾದರೆ ನಡುವೆ ಒಬ್ಬ ದಲ್ಲಾಳಿ ಬೇಕು. ಎಣ್ಣೆಯನ್ನು ಮೊದಲು ಸ್ಪಿರಿಟ್ಟಿನಲ್ಲಿ ಕಲಸಿ ಆಮೇಲೆ ನೀರು ಸೇರಿಸಬೇಕಂತೆ. ಆ ವಿಡಿಯೋದ ಹುಡುಗಿ ವೋಡ್ಕಾ ಹಾಕಿ ಎಂದು ಹಾಲು ಹಾಕಿ ಎಂದಷ್ಟೇ ಸಲೀಸಾಗಿ ಹೇಳಿದಳು. ಶ್ರುತಿಯನ್ನು ಕಳಿಸಲು ಮನಸ್ಸಾಗಲಿಲ್ಲ. ಮದುವೆಗಿರುವ ಹುಡುಗಿ. ನಾನೇ ಸೆರಗು ಸರಿಮಾಡಿಕೊಂಡು, ಯಾರೂ ಗುರುತಿಸದಿರಲಿ ಎಂದು ದಹಿಸರ್ ಬಿಟ್ಟು ಬೊರಿವಲಿಗೆ ಹೋಗಿ, ಒಂದು ವೈನ್ ಶಾಪಿನ ಸಾಲಿನಲ್ಲಿ ನಿಂತೆ. ಸಾಲಿನಲ್ಲಿ ಹೆಂಗಸು ನಾನೊಬ್ಬಳೇ. ಗಂಡಸರೆಲ್ಲ ಮರ್ಯಾದೆಯಿಂದ ಮುಂದೆ ಹೋಗಿ ಎಂದು ದಾರಿ ಬಿಟ್ಟುಕೊಟ್ಟರು. ಮುಂಬಯಿಯ ಬೇರಾವ ಸಾಲಿನಲ್ಲೂ ನನಗೆ ಇಷ್ಟು ಗೌರವ ಸಿಕ್ಕಿಲ್ಲ.

ಹೀಗೆ ಮುಂದೆ ಹೋಗಿ ಹೋಗಿ ಯಾರ ಬೆನ್ನ ಹಿಂದೆ ನಿಂತೆನೆಂದರೆ, ಸುಧಾಕರನ ಹಿಂದೆ. ನಮ್ಮವರ ಪಕ್ಕದಲ್ಲಿ ನಿಂತು ಕೆಲಸ ಕಲಿತು, ಈಗ ಅವರ ದೋಸೆಯ ಕಲ್ಲು ನೋಡಿಕೊಳ್ಳುವವನು. ಅವನು ತಿರುಗಿ ನೋಡಿ, ತನ್ನ ಕೈಯಲ್ಲಿದ್ದ ಕ್ವಾರ್ಟರನ್ನು ಹೋಟೆಲಿನ ಸಾಹುಕಾರರನ್ನು ಕಂಡವನ ಹಾಗೆ ಬೆನ್ನ ಹಿಂದೆ ಅಡಗಿಸಿದ. ಆಮೇಲೆ, ಇಲ್ಲಿ ವಿವರಿಸಬೇಕಾದದ್ದು ಅವನಲ್ಲ, ನಾನು ಎಂದು ಅವನಿಗೆ ಹೊಳೆಯಿತು. ದನಿ ತಗ್ಗಿಸಿದ.

“ಅಣ್ಣನಿಗಾ ಅಕ್ಕ?”

ನಮ್ಮ ಊರ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಕೊಂಡವರಿಗೆ ಎಡೆ ಬಡಿಸುವ ಕ್ರಮ ಇದೆ. ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಬಾಳೆಲೆಯಲ್ಲಿಡುತ್ತಾರೆ, ಕುಡಿಯುವವರಾಗಿದ್ದರೆ ಪಕ್ಕದಲ್ಲಿ ಅದನ್ನೂ ಇಡುತ್ತಾರೆ. ಆಗ ಆಟಿಯ ದಿನಗಳೇ. ನಾನು ಎಡೆಗೆ ಕೊಳ್ಳಲು ಬಂದಿದ್ದೇನೆ ಎಂದು ಅವನು ತಿಳಿದ. ನನಗೂ ಆ ಕ್ಷಣಕ್ಕೆ ರೂಮ್ ಸ್ಪ್ರೇ ಎಂದು ವಿವರಿಸುವುದಕ್ಕಿಂತ ಹೂಂ ಎನ್ನುವುದು ಸುಲಭವಾಗಿ ಕಂಡಿತು. ಹೂಂ ಎಂದೆ. ಸುಧಾಕರ ಅಡಗಿಸಿದ್ದ ಕ್ವಾರ್ಟರನ್ನು ಜೇಬಿಗೆ ಹಾಕಿಕೊಂಡ.

“ಇಷ್ಟು ವರ್ಷ ಒಟ್ಟಿಗೆ ನಿಂತೆ. ನನಗೆ ಸಹ ಗೊತ್ತಾಗ್ಲಿಕ್ಕೆ ಬಿಡ್ಲಿಲ್ಲ ಅವರು” ಎಂದ. ಅವನ ದನಿಯಲ್ಲಿ ಸ್ವಲ್ಪ ಬೇಜಾರು, ಬಹಳಷ್ಟು ಗೌರವ.

ವಾರ ಕಳೆಯುವ ಮೊದಲು ಊರಿನಿಂದ ನಾದಿನಿಯ ಫೋನು. ಅಣ್ಣ ತೆಗೆದುಕೊಳ್ಳುತ್ತಿದ್ದನಂತೆ, ಹೌದಾ ಅತ್ತಿಗೆ, ನಾವು ಬರೀ ಕೋಳಿ ಸಾರು, ಕಡುಬು ಇಡುತ್ತಿದ್ದೆವಲ್ಲ ಎಂದು ಅಳುವ ದನಿ. ನಾನು ಎಣ್ಣೆ, ನೀರು, ಸ್ಪಿರಿಟ್ಟು ಎಂದು ಎಲ್ಲ ಬಿಡಿಸಿ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, ಮುಚ್ಚಿಡಬೇಡಿ ಅತ್ತಿಗೆ, ಹೋದವರ ಆಸೆ ಉಳಿಯಬಾರದು ಎಂದಳು. ಆ ವರ್ಷ ಎಲೆಯ ಪಕ್ಕದಲ್ಲಿ ಒಂದು ಗ್ಲಾಸು ಹೆಚ್ಚಾಯಿತಂತೆ. ಬದುಕಿದ್ದಾಗ ಸೋಡಾ ಕುಡಿದರೂ ಮುಖ ಹಿಂಡುತ್ತಿದ್ದ ಮನುಷ್ಯ. ಎಲ್ಲಿದ್ದಾರೋ, ಆ ದಿನ ಒಂದು ಸೀನು ಸೀನಿರಬೇಕು.

ತಪ್ಪು ತಿಳಿದದ್ದಕ್ಕೆ ಪ್ರಾಯಶ್ಚಿತ್ತವೋ ಏನೋ, ಸುಧಾಕರ ಆಮೇಲೆ ರಜೆಯ ದಿನ ಬರತೊಡಗಿದ. ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನು ತಂದುಕೊಡುತ್ತಾನೆ. ನಲ್ಲಿಯ ನೀರು ಹಾಕಿದರೆ ಸ್ಪ್ರೇ ಬೇಗ ಕೆಡುತ್ತದೆ. ನನ್ನ ಕೈಯೂ ಅಷ್ಟರಲ್ಲಿ ಪಳಗಿತ್ತು. ಪ್ಲಾಸ್ಟಿಕನ್ನು ಈ ಎಣ್ಣೆಗಳು ತಿನ್ನುತ್ತವೆ, ಗಾಜಿನ ಬಾಟಲಿಯೇ ಆಗಬೇಕು. ಮೊದಲು ಎಣ್ಣೆಯ ಹನಿಗಳು, ಮೇಲೆ ವೋಡ್ಕಾ, ಕುಲುಕಿ ಸ್ವಲ್ಪ ಹೊತ್ತು ಬಿಟ್ಟು ನೀರು. ಪ್ರತಿ ಸಲ ಹಾರಿಸುವ ಮೊದಲು ಮತ್ತೆ ಕುಲುಕಬೇಕು. ಗುಲಾಬಿಯ ಜೊತೆ ನೀಲಗಿರಿ ಸೇರಿಸಿದರೆ ಶೀತವಾದ ಮದುಮಗಳ ಹಾಗಿರುತ್ತದೆ ಎಂದು ಶ್ರುತಿ ಹೇಳಿದ್ದರಿಂದ ಅವೆರಡನ್ನು ದೂರ ಇಟ್ಟೆ. ಲಾವಂಚದ ಎಣ್ಣೆ ಒಂದು ಹನಿ ಬಿದ್ದರೆ ಉಳಿದವೆಲ್ಲ ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಇದೆಲ್ಲ ನನಗೆ ಬೇರೆಯವರ ಮುಖ ನೋಡಿ ಗೊತ್ತಾದದ್ದು. ಹುಬ್ಬು ಮೇಲೆ ಹೋದರೆ ಜೋರಾಯಿತು, ಕಣ್ಣು ಸಣ್ಣದಾದರೆ ಸರಿಯಾಯಿತು, ಏನೂ ಆಗದಿದ್ದರೆ ಇನ್ನೊಂದು ಹನಿ.

ಒಂದು ದಿನ ಸುಧಾಕರನಿಗೆ ಅಂಗಿಯ ಸಂಗತಿ ಹೇಳಿದೆ. ಅವನು ತನ್ನ ತೋಳನ್ನು ಒಮ್ಮೆ ಮೂಸಿಕೊಂಡ.

“ಅದು ಹೋಟೆಲಿನ ವಾಸನೆ ಅಲ್ವಾ ಅಕ್ಕ. ನಮ್ಮೆಲ್ಲರದ್ದೂ ಒಂದೇ. ಮೂಗು ಬಂದ ದಿವಸ ಹೇಳಿ, ನಾನೇ ಸ್ನಾನ ಮಾಡದೆ ಬರ್ತೇನೆ.”

ನಗು ಬಂತು. ಆದರೆ ನಾನು ಇಲ್ಲ ಎಂದೆ. ಬೆಣ್ಣೆ, ಇಂಗು, ಮುಲಾಮು, ಇವನ್ನೆಲ್ಲ ನಾನು ಬೇಕಾದರೆ ಸೀಸೆಯಲ್ಲಿ ಕಲಸಿಯೇನು. ಅವೆಲ್ಲ ಸೋಡಾದ ನೀರಿಗೆ ಬಿಟ್ಟುಹೋಗುತ್ತಿದ್ದವು. ಬಿಟ್ಟುಹೋಗದ ಒಂದು ಅವುಗಳ ಹಿಂದೆ ಇರುತ್ತಿತ್ತು. ಸ್ನಾನ ಮಾಡಿ ಬಂದ ಮೇಲೂ ಕುತ್ತಿಗೆಯ ಹತ್ತಿರ ಇರುತ್ತಿತ್ತು. ಅದಕ್ಕೆ ಹೆಸರಿಲ್ಲ. ಅದನ್ನು ಮಾರುವ ಅಂಗಡಿ ಇಲ್ಲ.

ಮೂಗಿನಲ್ಲಿ ಮೊದಲ ಸುಳಿವು ಕಂಡದ್ದು ದಹಿಸರಿನ ನದಿಯ ಸೇತುವೆಯ ಮೇಲೆ. ನದಿ ಎಂದು ಹೆಸರು, ಮಳೆಗಾಲ ಬಿಟ್ಟರೆ ಗಟಾರ. ಒಂದು ಮಧ್ಯಾಹ್ನ ಸೀರೆಯ ಗಂಟು ಹೊತ್ತು ದಾಟುತ್ತಿದ್ದೆ. ಏನೋ ಒಂದು ಬಂತು. ತೆಳ್ಳಗೆ, ದೂರದಿಂದ, ಆದರೆ ಬಂತು. ನಾತವೇ. ನಾನು ಸೇತುವೆಯ ಕಟ್ಟೆ ಹಿಡಿದು ಬಗ್ಗಿ ಎಳೆದುಕೊಂಡೆ, ಮತ್ತೆ ಎಳೆದುಕೊಂಡೆ. ದಾಟುವವರೆಲ್ಲ ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಒಬ್ಬ ರಿಕ್ಷಾದವನು ನಿಲ್ಲಿಸಿ, ಮೌಶಿ, ಮನೆಯಲ್ಲಿ ಏನಾದರೂ ತೊಂದರೆಯಾ, ಕೆಳಗೆ ನೋಡಬೇಡಿ ಎಂದ. ನದಿಗೆ ಬೀಳಲು ನಿಂತವಳು ಇಷ್ಟು ಖುಷಿಯಾಗಿರುತ್ತಾಳೆಯೇ? ಅದಾದ ಮೇಲೆ ನಿಂಬೆ ಬಂತು, ಗೋಡೆಯ ಆಚೆ ಯಾರೋ ಹೆಚ್ಚಿದ ಹಾಗೆ. ಒಮ್ಮೊಮ್ಮೆ ಲವಂಗ. ಗುಲಾಬಿ ಬರಲೇ ಇಲ್ಲ. ಬಂದದ್ದು ಮರುದಿನ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ಆಗ ನನಗೆ ನಿಜವಾದ ಪೇಚು ಶುರುವಾಯಿತು. ಡಬ್ಬಿ ತೆರೆಯಲೇ? ತೆರೆದ ದಿನ ಮೂಗು ಕೈಕೊಟ್ಟರೆ, ಅಷ್ಟು ಕಾಲ ಕಟ್ಟಿಟ್ಟದ್ದು ಸುಮ್ಮನೆ ಗಾಳಿಗೆ ಹೋಗುತ್ತದೆ. ತೆರೆಯದೆ ಕಾದರೆ, ಒಳಗೇ ಕರಗುತ್ತದೆ. ಶ್ರುತಿ ತೆರೆಯಿರಿ ಎನ್ನುತ್ತಿದ್ದಳು. ನಾನು ಗುಲಾಬಿ ಬರಲಿ ಎನ್ನುತ್ತಿದ್ದೆ. ಗುಲಾಬಿ ಬಂದರೆ ಎಲ್ಲವೂ ಬರುತ್ತದೆ ಎಂದು ನನ್ನದೇ ಒಂದು ಲೆಕ್ಕಾಚಾರ.

ಈ ಸಲದ ಮಳೆ ನನ್ನ ಲೆಕ್ಕ ಕೇಳಲಿಲ್ಲ. ವಾರಗಟ್ಟಲೆ ಬಿಸಿಲಿಲ್ಲ. ಕಪಾಟಿನ ಹಿಂದಿನ ಗೋಡೆ ಒದ್ದೆಯಾಗಿ ಸುಣ್ಣ ಉದುರತೊಡಗಿತು. ಒಂದು ಭಾನುವಾರ ಬೆಳಿಗ್ಗೆ ಶ್ರುತಿ ಕಪಾಟು ಸರಿಸಲು ಸಾಮಾನು ತೆಗೆಯುತ್ತಿದ್ದವಳು, ಡಬ್ಬಿಯ ಮುಚ್ಚಳ ಎತ್ತಿ ನನ್ನನ್ನು ಕರೆದಳು. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರಿನ ಹನಿಗಳು. ಅಂಗಿಯ ಕಾಲರಿನ ಮೇಲೆ ಕಪ್ಪು ಚುಕ್ಕೆಗಳು. ಬೂಸಲು.

ಇನ್ನು ಕಾಯುವಂತಿರಲಿಲ್ಲ. ಫ್ಯಾನು ನಿಲ್ಲಿಸಿದೆ. ಕಿಟಕಿ ಹಾಕಿದೆ. ಆ ಬೆಳಿಗ್ಗೆ ಸ್ಪ್ರೇ ಹಾರಿಸಿರಲಿಲ್ಲ, ಪುಣ್ಯ. ನೆಲದ ಮೇಲೆ ಕೂತು, ಹಲ್ಲಿನಿಂದ ಗಂಟು ಬಿಚ್ಚಿ, ಎರಡೂ ಕೈಯಿಂದ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡೆ. ಡಾಕ್ಟರು ಹೇಳಿದ ಹಾಗೆ ನೆನೆದುಕೊಂಡೆ. ಬಾಗಿಲು, ಮೊಳೆ, ಮೋರಿಯಲ್ಲಿ ನೀರಿನ ಸದ್ದು, ಕುತ್ತಿಗೆ. ಇರುವ ಉಸಿರೆಲ್ಲ ಎಳೆದುಕೊಂಡೆ. ತಣ್ಣನೆಯ ಒದ್ದೆ ಬಟ್ಟೆ. ಮತ್ತೇನೂ ಇಲ್ಲ.

ಶ್ರುತಿಗೆ ನನ್ನ ಮುಖ ಓದಲು ಬರುತ್ತದೆ. ನಾನು ಅಂಗಿಯನ್ನು ಅವಳತ್ತ ಚಾಚಿದೆ. ಅವಳು ಹಿಂಜರಿದಳು, ಆಮೇಲೆ ತೆಗೆದುಕೊಂಡಳು. ಮುಖ ಹುದುಗಿಸಿದವಳು ಎತ್ತಲೇ ಇಲ್ಲ. ಭುಜ ಅಲುಗುತ್ತಿತ್ತು. ನಾನು ಅವಳ ಮೊಣಕಾಲು ಅಲುಗಿಸಿದೆ.

“ಎಂತ ಬರ್ತದೆ? ಹೇಳು.”

“ಪಪ್ಪಂದು.” ಅಂಗಿಯೊಳಗಿನಿಂದಲೇ ಹೇಳಿದಳು. “ಡ್ಯೂಟಿಯಿಂದ ಬಂದು ಡೋರ್ ಹತ್ರ ನಿಲ್ತಿದ್ರಲ್ಲ ಮಮ್ಮಿ, ನೀವು ಒಳಗೆ ಬಿಡ್ತಿರಲಿಲ್ಲ. ನಾನು ಭಾಗ್ ಕೆ ಹೋಗಿ ಹಿಡ್ಕೊಳ್ತಿದ್ದೆ, ಇಲ್ಲಿ, ಹೊಟ್ಟೆ ಹತ್ರ. ವಹೀ, ಅದೇ.”

“ಬರೀ ಇಂಗಾ?”

“ಇಂಗು ಕಮ್ಮಿ. ಪಪ್ಪ ಜಾಸ್ತಿ.” ಮುಖ ಎತ್ತಿ ಮೂಗೊರೆಸಿಕೊಂಡಳು. “ಬೂಸಲು ಸಹ ಉಂಟು ಮಮ್ಮಿ. ಬಹುತ್ ಉಂಟು.”

ನನಗೆ ಸಮಾಧಾನ ಹೇಳಲು ಅವಳು ಸುಳ್ಳು ಹೇಳುತ್ತಿದ್ದಾಳೆಯೇ ಎಂದು ನಾನು ನೋಡುತ್ತಲೇ ಇದ್ದೆ. ಬೂಸಲನ್ನೂ ಹೇಳಿದ್ದರಿಂದ ಉಳಿದದ್ದನ್ನು ನಂಬಿದೆ.

ನನಗೆಂದು ಕಟ್ಟಿಟ್ಟದ್ದು ಅವಳಿಗೆ ಸಿಕ್ಕಿತು. ಅವಳು ಆ ಅಂಗಿಯನ್ನು ತನಗೆಂದು ಒಮ್ಮೆಯೂ ಕೇಳಿರಲಿಲ್ಲ. ಅವಳ ಅಪ್ಪನೂ ಹೋಗಿದ್ದಾನೆ, ಅವಳ ಮೂಗು ಸರಿಯಾಗಿಯೇ ಇದೆ ಎಂಬುದು ಇಷ್ಟು ಕಾಲ ನನ್ನ ತಲೆಗೇ ಬಂದಿರಲಿಲ್ಲ. ಇಡೀ ಬೆಳಿಗ್ಗೆ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಸುಮ್ಮನೆ ಒಂದು ಸೀರೆಯ ಅಂಚು ಹಿಡಿದು ಹೊಲಿಯುತ್ತಿದ್ದೆ. ನಡುನಡುವೆ ಅವಳು ಮೂಸಿ ಏನಾದರೂ ಹೇಳುತ್ತಿದ್ದಳು. ಇಲ್ಲಿ ಭುಜದ ಹತ್ತಿರ ಮುಲಾಮು, ಇಲ್ಲಿ ಜೇಬಿನಲ್ಲಿ ಏಲಕ್ಕಿ ಎಂದು. ಏಲಕ್ಕಿಯ ಸಂಗತಿ ನನಗೆ ಗೊತ್ತಿರಲಿಲ್ಲ. ಮನೆಗೆ ಬರುವ ಮೊದಲು ಬಾಯಿಗೆ ಹಾಕಿಕೊಳ್ಳುತ್ತಿದ್ದರೋ ಏನೋ, ನನ್ನ ನಾಕಾಕ್ಕೆ ಹೆದರಿ.

ಮಧ್ಯಾಹ್ನ ನಾನು ಬಕೆಟ್ಟಿಗೆ ನೀರು ಬಿಟ್ಟೆ. ಶ್ರುತಿ ಅಂಗಿಯನ್ನು ಎದೆಗೆ ಒತ್ತಿಕೊಂಡು ಬೇಡ ಮಮ್ಮಿ ಎಂದಳು. ಇಟ್ಟರೆ ಬೂಸಲು ನೂಲನ್ನೇ ತಿನ್ನುತ್ತದೆ, ಮೊದಲು ವಾಸನೆ ಹೋಗುತ್ತದೆ, ಆಮೇಲೆ ಅಂಗಿಯೂ ಹೋಗುತ್ತದೆ ಎಂದೆ. ಅವಳು ಇನ್ನೊಮ್ಮೆ ಉದ್ದಕ್ಕೆ ಎಳೆದುಕೊಂಡು ಕೊಟ್ಟಳು. ಸೋಡಾ ಹಾಕಲಿಲ್ಲ, ಬರೀ ಸಾಬೂನು. ಕಾಲರನ್ನು ಬೆರಳಿನಿಂದಲೇ ಉಜ್ಜಿದೆ. ಬಿಸಿಲಿಲ್ಲದ್ದರಿಂದ ಒಣಗಲು ಬಹಳ ದಿನ ಬೇಕಾಯಿತು. ಒಣಗಿದ ಮೇಲೆ ಅವಳು ತೋಳು ಮಡಚಿ ಹಾಕಿಕೊಂಡು, ಮನೆಯಿಂದ ಆಫೀಸು ಮಾಡುವ ದಿನ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾಳೆ. ಭುಜ ಜಾರುತ್ತದೆ. ಹೊಲಿದು ಚಿಕ್ಕದು ಮಾಡಿಕೊಡಲೇ ಎಂದೆ. ಬೇಡ ಎಂದಳು.

ಇನ್ನು ಆ ಸೀಸೆಗಳ ಸಂತೆ ಯಾಕೆ, ಅಂಗಿಯ ಕೆಲಸ ಮುಗಿಯಿತಲ್ಲ ಎಂದು ಸಾವಂತ ವಹಿನಿ ಕೇಳಿದರು. ಮುಗಿಯಲಿಲ್ಲ. ಮೊದಲು ನಾನು ಮೂಗಿಗೆ ಬೇಗ ಬಾ, ಬೇಗ ಬಾ ಎಂದು ಅವಸರ ಮಾಡುತ್ತಿದ್ದೆ. ಈಗ ಅವಸರವಿಲ್ಲ, ಅಷ್ಟೆ. ಮಗಳು ಒಂದು ದಿನ ಮದುವೆಯಾಗಿ ಹೋಗುತ್ತಾಳೆ, ಗ್ಯಾಸ್ ಸೋರಿದರೆ ಹೇಳಲು ಆಗ ಯಾರಿರುತ್ತಾರೆ? ಅವಳ ಮಕ್ಕಳ ತಲೆಯ ವಾಸನೆಯನ್ನು ನಾನು ಬೇರೆಯವರಿಂದ ಕೇಳಿ ತಿಳಿಯಲು ತಯಾರಿಲ್ಲ.

ಇವತ್ತು ಬೆಳಿಗ್ಗೆ ನಿಂಬೆ ಸಿಕ್ಕಿತು. ಲವಂಗ ಇದೆಯೋ ಇಲ್ಲವೋ ಎಂಬಷ್ಟು. ಗುಲಾಬಿಯ ಸೀಸೆ ತೆರೆದು ಬಹಳ ಹೊತ್ತು ಹಿಡಿದು ಕೂತೆ. ಬರಲಿಲ್ಲ. ಮುಚ್ಚಳ ಬಿಗಿದು ಅದರ ಜಾಗದಲ್ಲಿ ಇಟ್ಟಿದ್ದೇನೆ. ಸಂಜೆ ಮತ್ತೆ ತೆರೆಯುತ್ತೇನೆ.